ಬ್ಯಾಟ್‌ಮನ್: ಕೇಪ್ಡ್ ಕ್ರುಸೇಡರ್ – ಈ ಬ್ರೂಸ್‌ಗೆ ಎದೆಯೊಳಗೆ ಏನಾದರೂ ಇದೆಯಾ?

ರಾತ್ರಿಪಾಳಿ

ಹತ್ತೂ ಕಂತು ಮುಗಿಸಿದೆ. ಎರಡು ರಾತ್ರಿಯ ನಿದ್ದೆ ಹೋಯಿತು, ಅದಕ್ಕೇನೂ ಬೇಜಾರಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಥೆಯ ಗುಟ್ಟೆಲ್ಲ ಬಯಲಾಗುತ್ತದೆ. ನೋಡದವರು ನೋಡಿಕೊಂಡು ಬನ್ನಿ, ಆಮೇಲೆ ಜಗಳ ಆಡೋಣ.

ಗೊತ್ತಿಲ್ಲದವರಿಗೆ ಎರಡು ಮಾತು. 2024ರ ಆಗಸ್ಟ್ 1ಕ್ಕೆ ಅಮೆಜಾನ್ ಪ್ರೈಮ್‌ನಲ್ಲಿ ಬಂದ ಕಾರ್ಟೂನ್ ಸರಣಿ ಇದು. ಮಾಡಿದವರು ಬ್ರೂಸ್ ಟಿಮ್. ಹೌದು, 1992ರ ಆ ಹಳೆಯ ಬ್ಯಾಟ್‌ಮನ್ ಕಾರ್ಟೂನಿನ ಅದೇ ಟಿಮ್. ಜೊತೆಗೆ ಜೆ.ಜೆ. ಏಬ್ರಮ್ಸ್, ಮ್ಯಾಟ್ ರೀವ್ಸ್ ಇದ್ದಾರೆ. ಕಾಲ 1940ರ ದಶಕ. ಬ್ಯಾಟ್‌ಮನ್ ಈಗಷ್ಟೇ ಕೆಲಸ ಶುರು ಮಾಡಿದ್ದಾನೆ. ಪೊಲೀಸರು ಅವನನ್ನು ನಂಬುವುದಿಲ್ಲ, ಕಮಿಷನರ್ ಗಾರ್ಡನ್ ಕೂಡ ಇನ್ನೂ ಗೆಳೆಯ ಆಗಿಲ್ಲ. ಮೊಬೈಲ್ ಇಲ್ಲ, ಕಂಪ್ಯೂಟರ್ ಇಲ್ಲ. ಟೋಪಿ, ಉದ್ದ ಕೋಟು, ಸಿಗರೇಟಿನ ಹೊಗೆ, ಮಳೆಗೆ ತೊಯ್ದ ರಸ್ತೆ. ಕಣ್ಣಿಗೆ ಹಬ್ಬ.

ನನ್ನ ತಕರಾರು ಬ್ರೂಸ್ ವೇಯ್ನ್ ಮೇಲೆ, ಅಂದರೆ ಮುಖವಾಡ ತೆಗೆದ ಬ್ಯಾಟ್‌ಮನ್ ಮೇಲೆ. ಈ ಮನುಷ್ಯ ಮರಗಟ್ಟಿ ಹೋಗಿದ್ದಾನೆ. ನಗುವುದು ಪಾರ್ಟಿಗಳಲ್ಲಿ ಮಾತ್ರ, ಅದೂ ನಾಟಕ. ಮನೆಗೆ ಬಂದರೆ ಗೋಡೆ ಜೊತೆ ಮಾತಾಡಿದ ಹಾಗೆ. ತನ್ನನ್ನು ಸಾಕಿ ಬೆಳೆಸಿದ ಬಟ್ಲರ್ ಆಲ್ಫ್ರೆಡ್‌ನನ್ನು ಕೂಡ ಮನೆತನದ ಹೆಸರು ಹಿಡಿದು ‘ಪೆನ್ನಿವರ್ತ್’ ಅನ್ನುತ್ತಾನೆ, ಆಫೀಸಿನಲ್ಲಿ ಜವಾನನನ್ನು ಕರೆದ ಹಾಗೆ. ಹತ್ತು ಕಂತು ಜೊತೆಗಿದ್ದೂ ಇವನ ಮೇಲೆ ನನಗೆ ಪ್ರೀತಿ ಹುಟ್ಟಲಿಲ್ಲ. 92ರ ಬ್ಯಾಟ್‌ಮನ್‌ಗೂ ನೋವಿತ್ತು, ಆದರೆ ಎದುರಿಗೆ ಇರುವವರ ನೋವು ಅವನಿಗೆ ಕಾಣಿಸುತ್ತಿತ್ತು. ಇವನದು ಕೇಸ್ ಮುಗಿಯಿತು, ಹೊರಟೆ ಅನ್ನುವ ಸ್ವಭಾವ.

ನನಗೊಬ್ಬನಿಗೇ ಹೀಗೆ ಅನ್ನಿಸಿದ್ದಾ?

ಕುಡ್ಲದ_ಕಾಗೆ

ಮಾರಾಯ್ರೆ, ಬಾವಲಿ ವೇಷ ಹಾಕಿಕೊಂಡು ರಾತ್ರಿ ಎಲ್ಲ ತಾರಸಿ ಮೇಲೆ ಕೂರುವವನಲ್ಲಿ ಪ್ರೀತಿ ಹುಡುಕಿದರೆ ಎಲ್ಲಿಂದ ಸಿಗುತ್ತದೆ?

ನನಗೆ ಮೊದಲ ಕಂತೇ ಸಾಕಾಯಿತು. ಪೆಂಗ್ವಿನ್ ಅನ್ನುವ ಹಳೆಯ ವಿಲನ್ ಈ ಸಲ ಹೆಂಗಸು. ಆಸ್ವಾಲ್ಡ್ ಹೋಗಿ ಆಸ್ವಾಲ್ಡಾ. ಹಡಗಿನ ಮೇಲೆ ಹಾಡು, ಕುಣಿತ, ಒಳಗೊಳಗೆ ದರ್ಬಾರು. ನಟಿ ಮಿನಿ ಡ್ರೈವರ್ ಧ್ವನಿ ಕೊಟ್ಟಿದ್ದಾಳೆ, ಅಬ್ಬಾ! ದ್ರೋಹ ಮಾಡಿದ್ದು ಯಾವ ಮಗ ಅಂತ ತಪ್ಪು ತಿಳಿದು, ದ್ರೋಹ ಮಾಡದ ಮಗನನ್ನೇ ಮುಗಿಸುತ್ತಾಳೆ. ಸತ್ಯ ಗೊತ್ತಾದ ಮೇಲೂ ಹೆಚ್ಚೇನೂ ಕರಗುವುದಿಲ್ಲ. ಅವಳ ಮುಂದೆ ನಿಮ್ಮ ಬ್ರೂಸ್ ಎಷ್ಟೋ ವಾಸಿ.

ಹೆಂಗಸಾಗಿ ಬದಲಾಯಿಸಿದ್ದು ಯಾಕೆ ಅಂತ ಕೆಲವರು ಬೊಬ್ಬೆ ಹಾಕುತ್ತಿದ್ದಾರೆ. ಇದೇ ಕಥೆಯನ್ನು ಒಬ್ಬ ಅಪ್ಪನ ಬಾಯಿಂದ ಹೇಳಿಸಿ ನೋಡಿ. ನೂರು ಸಲ ನೋಡಿದ ಗೂಂಡಾ ಅಪ್ಪ ಆಗುತ್ತಿದ್ದ, ಅಷ್ಟೇ.

ಹಳೇ_ಪೆಟ್ಟಿಗೆ

ರಾತ್ರಿಪಾಳಿ ಅವರೇ, ನಿಮ್ಮ ತಕರಾರು ಸರಿಯೇ ಇದೆ, ಆದರೆ ಅದನ್ನು ಟಿಮ್ ಮೇಲೆ ಹಾಕುವ ಮುಂಚೆ 1939ಕ್ಕೆ ಒಮ್ಮೆ ಹೋಗಿಬನ್ನಿ.

ಬ್ಯಾಟ್‌ಮನ್ ಮೊದಲು ಬಂದದ್ದು ಡಿಟೆಕ್ಟಿವ್ ಕಾಮಿಕ್ಸ್ 27ನೇ ಸಂಚಿಕೆಯಲ್ಲಿ, 1939ರ ಮೇ ತಿಂಗಳ ಮುಖಪುಟ. ಆ ಬ್ಯಾಟ್‌ಮನ್ ಯಾರು, ಯಾಕೆ ಹೀಗೆ ಮಾಡುತ್ತಾನೆ ಅಂತ ಓದುಗರಿಗೆ ಯಾರೂ ಹೇಳಲಿಲ್ಲ. ಅಪ್ಪ ಅಮ್ಮನನ್ನು ಕೊಂದ ಕಥೆ ಬಂದದ್ದು 33ನೇ ಸಂಚಿಕೆಯಲ್ಲಿ, ಅದೇ ವರ್ಷದ ನವೆಂಬರ್‌ಗೆ. ಅಂದರೆ ಮೊದಲ ಆರು ಸಂಚಿಕೆ ಇವನು ಕಾರಣವೇ ಇಲ್ಲದ ಕರಿ ನೆರಳು. ಒಬ್ಬ ಕಳ್ಳನನ್ನು ಆಸಿಡ್ ತೊಟ್ಟಿಗೆ ಬೀಳಿಸಿ, ತಕ್ಕ ಶಾಸ್ತಿ ಆಯಿತು ಅಂತ ಮುಂದೆ ಹೋಗುತ್ತಾನೆ. ಮೊದಮೊದಲು ಕೈಯಲ್ಲಿ ಪಿಸ್ತೂಲೂ ಇತ್ತು! ಅವನ ಜೊತೆಗಾರ ಹುಡುಗ ರಾಬಿನ್ ಬಂದದ್ದು 1940ರ ಏಪ್ರಿಲ್‌ನಲ್ಲಿ. ಅಲ್ಲಿಂದಾಚೆಗೇ ಅವನು ಹಲ್ಲು ಬಿಟ್ಟು ನಗಲು ಶುರು ಮಾಡಿದ್ದು.

ಟಿಮ್ ಹುಡುಕಿಕೊಂಡು ಹೋಗಿರುವುದು ರಾಬಿನ್‌ಗೆ ಮುಂಚಿನ ಆ ಒಂದು ವರ್ಷದ ಬ್ಯಾಟ್‌ಮನ್‌ನನ್ನು. ಕಿವಿ ನೋಡಿ, ಎಷ್ಟುದ್ದ. ಅದು ಆಗಿನ ಚಿತ್ರದ ಕಿವಿ. ಪಿಸ್ತೂಲು ಮಾತ್ರ ಬಿಟ್ಟಿದ್ದಾರೆ, ಸದ್ಯ.

ಇನ್ನೊಂದು ಮಾತು, ಇದನ್ನು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಬ್ಯಾಟ್‌ಮನ್ ಅಂದಾಗಲೆಲ್ಲ ಹುಟ್ಟಿಸಿದವರು ಅಂತ ಚಿತ್ರಕಾರ ಬಾಬ್ ಕೇನ್ ಹೆಸರೊಂದೇ ಬರುತ್ತಿತ್ತು. ವೇಷ, ಗಾಥಮ್ ಊರು, ಬ್ರೂಸ್ ವೇಯ್ನ್ ಅನ್ನುವ ಹೆಸರು, ಮುಕ್ಕಾಲು ಪಾಲು ಕಥೆಗಾರ ಬಿಲ್ ಫಿಂಗರ್ ತಲೆಯಿಂದ ಬಂದವು. ಅವರು 1974ರಲ್ಲಿ ತೀರಿಕೊಂಡರು. ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ನಲವತ್ತೊಂದು ವರ್ಷ ತಡ.

ರಾತ್ರಿಪಾಳಿ

ಸರ್, ಇತಿಹಾಸ ಒಪ್ಪಿದೆ. ಆದರೆ 1939ರ ಓದುಗನಿಗೆ ಹತ್ತು ಸೆಂಟಿಗೆ ಸಿಕ್ಕ ಆರು ಪುಟದ ಕಥೆ ಬೇರೆ, ನನ್ನ ನಾಲ್ಕು ಗಂಟೆ ಬೇರೆ ಅಲ್ವಾ? ಆರು ಪುಟಕ್ಕೆ ನೆರಳು ಸಾಕು. ಹತ್ತು ಕಂತಿಗೆ ಮನುಷ್ಯ ಬೇಕು.

92ರ ಸರಣಿಯಲ್ಲಿ ‘ಹಾರ್ಟ್ ಆಫ್ ಐಸ್’ ಅಂತ ಒಂದು ಕಂತಿತ್ತು. ಮಿಸ್ಟರ್ ಫ್ರೀಜ್ ಅಲ್ಲಿಯವರೆಗೆ ಮಂಜಿನ ಪಿಸ್ತೂಲು ಹಿಡಿದ ಕೋಡಂಗಿ. ಅವನಿಗೆ ಕಾಯಿಲೆಯ ಹೆಂಡತಿಯನ್ನು ಕೊಟ್ಟು ನಮ್ಮ ಕಣ್ಣಲ್ಲಿ ನೀರು ಬರಿಸಿದರು. ಎಮ್ಮಿ ಪ್ರಶಸ್ತಿ ಬಂತು ಅದಕ್ಕೆ. ಇಪ್ಪತ್ತೆರಡು ನಿಮಿಷದ ಮಕ್ಕಳ ಕಾರ್ಟೂನ್ ಅದು! ಈಗ ದೊಡ್ಡವರಿಗೆ ಅಂತಲೇ ಮಾಡಿದ್ದಾರೆ, ಹೆಣ ಬೀಳಿಸಬಹುದು, ರಕ್ತ ತೋರಿಸಬಹುದು. ಆದರೂ ಆ ಒಂದು ಕಂತಿನ ಭಾರ ಇದರಲ್ಲಿ ನನಗೆ ಸಿಗಲಿಲ್ಲ.

ಮತ್ತೆ 92ರ ಬ್ಯಾಟ್‌ಮನ್ ಆಗಿದ್ದ ಕೆವಿನ್ ಕಾನ್‌ರಾಯ್ ಧ್ವನಿ. 2022ರ ನವೆಂಬರ್‌ನಲ್ಲಿ ಅವರು ಹೋದಾಗ ನಮ್ಮ ಮನೆಯವರೇ ಯಾರೋ ಹೋದ ಹಾಗಾಗಿತ್ತು. ಈ ಸಲ ಹ್ಯಾಮಿಶ್ ಲಿಂಕ್ಲೇಟರ್ ಚೆನ್ನಾಗಿಯೇ ಮಾಡಿದ್ದಾರೆ, ಸುಳ್ಳು ಹೇಳಲ್ಲ. ಆದರೂ.

ಬಣ್ಣದಡಬ್ಬಿ

ಆ ‘ಆದರೂ’ ನನಗೂ ಇದೆ, ಆದರೆ ಚಿತ್ರದ ವಿಷಯದಲ್ಲಿ.

ನಾನು ಬೆಂಗಳೂರಿನಲ್ಲಿ ಕಾರ್ಟೂನ್‌ಗಳಿಗೆ ಹಿನ್ನೆಲೆ ಬಿಡಿಸುವವಳು. ಹನ್ನೊಂದು ವರ್ಷ ಆಯಿತು. ಈ ಕೆಲಸಕ್ಕೆ ಬಂದದ್ದೇ 92ರ ಬ್ಯಾಟ್‌ಮನ್ ನೋಡಿ. ಆಗ ಎರಿಕ್ ರಾಡಮ್‌ಸ್ಕಿ ಅನ್ನುವವರು ಒಂದು ಉಪಾಯ ಮಾಡಿದರು. ಎಲ್ಲರೂ ಬಿಳಿ ಕಾಗದದ ಮೇಲೆ ಬಣ್ಣ ಹಾಕಿ ರಾತ್ರಿ ಮಾಡುತ್ತಿದ್ದರೆ, ಇವರು ಕಪ್ಪು ಕಾಗದ ತೆಗೆದುಕೊಂಡು ಅದರ ಮೇಲೆ ಬೆಳಕು ಬಿಡಿಸಿದರು. ಎರಡೂ ಒಂದೇ ಅಲ್ಲ. ಬಿಳಿಯ ಮೇಲೆ ಕಪ್ಪು ಬಳಿದರೆ ರಾತ್ರಿ ಅನ್ನುವುದು ಮೆತ್ತಿದ ಬಣ್ಣ. ಕಪ್ಪಿನ ಮೇಲೆ ಒಂದು ಕಿಟಕಿಯ ಹಳದಿ ಇಟ್ಟರೆ, ಉಳಿದ ಊರೆಲ್ಲ ಕತ್ತಲಲ್ಲಿ ಇದೆ ಅಂತ ಕಣ್ಣೇ ನಂಬುತ್ತದೆ. ಬಿಡಿಸದೇ ಇರುವ ಕಟ್ಟಡಗಳೂ ಕಾಣುತ್ತವೆ.

ನಾನು ಕೆಲಸ ಮಾಡಿದ ಒಂದು ಕಡೆ ಇದನ್ನೇ ಮಾಡಲು ಹೋಗಿ ಬೈಸಿಕೊಂಡೆ. ಪರದೆ ಮೇಲೆ ಕಪ್ಪು ಪದರ ಇಟ್ಟುಕೊಂಡು ಬರೀ ಬೆಳಕು ಹಾಕಿದ್ದೆ. “ದುಡ್ಡು ಕೊಟ್ಟವರಿಗೆ ಗೋಡೆ ಕಾಣಬೇಕಮ್ಮ” ಅಂದರು. ಗೋಡೆ ಬಿಡಿಸಿದೆ. ಇಟ್ಟಿಗೆ ಸಮೇತ.

ಹೊಸ ಸರಣಿಯ ಗಾಥಮ್ ಚೆಂದ ಇದೆ. ದೀಪದ ಕಂಬ, ಹಳೆಯ ಕಾರು, ರಂಗಮಂದಿರದ ಮುಂದಿನ ಬೋರ್ಡು, ಎಲ್ಲದರಲ್ಲೂ ಅಧ್ಯಯನ ಇದೆ. ಆದರೆ ಇಲ್ಲಿ ಗೋಡೆ ಕಾಣುತ್ತದೆ! ಎಲ್ಲ ಚೊಕ್ಕ. ಎರಡನೇ ಕಂತಿನ ಸಿನಿಮಾ ಸ್ಟುಡಿಯೋ ಮಾತ್ರ ಬೇರೆ, ಅಲ್ಲಿ ನೆರಳಿಗೇ ಒಂದು ಪಾತ್ರ ಕೊಟ್ಟಿದ್ದಾರೆ. ಹೊಡೆದಾಟಗಳಲ್ಲಿ ಅಲ್ಲಲ್ಲಿ ಕೈಕಾಲು ಸೆಟೆದುಕೊಂಡಿವೆ, ಬಜೆಟ್ ಕಡಿಮೆ ಬಿದ್ದ ಜಾಗ ನಮ್ಮಂಥವರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಹಳೇ_ಪೆಟ್ಟಿಗೆ

ಎರಡನೇ ಕಂತು ನನಗೂ ಇಷ್ಟ. ಕ್ಲೇಫೇಸ್ ಅಂದರೆ ಜನಕ್ಕೆ ಜೇಡಿಮಣ್ಣಿನ ರಾಕ್ಷಸ ನೆನಪಾಗುತ್ತಾನೆ. 1940ರಲ್ಲಿ ಬಂದ ಮೊದಲ ಕ್ಲೇಫೇಸ್‌ಗೆ ಯಾವ ಮಾಯೆಯೂ ಇರಲಿಲ್ಲ. ಬೇಸಿಲ್ ಕಾರ್ಲೊ ಅನ್ನುವ ನಟ, ಮುಖವಾಡ ಹಾಕಿಕೊಂಡು ಕೊಲೆ ಮಾಡುತ್ತಿದ್ದ. ಇಲ್ಲಿ ಅದೇ ಕಾರ್ಲೊ ವಾಪಸ್ ಬಂದಿದ್ದಾನೆ. ಬರೀ ವಿಲನ್ ಪಾತ್ರ ಕೊಡುತ್ತಾರೆ, ಮುಖ ಚೆನ್ನಾಗಿಲ್ಲ ಅನ್ನುತ್ತಾರೆ ಅನ್ನುವ ಸಂಕಟ ಅವನಿಗೆ. ನಿಮ್ಮ ಭಾರದ ಕಂತು ಇದೇ ಅಂತ ನನ್ನ ಲೆಕ್ಕ, ರಾತ್ರಿಪಾಳಿ.

ಧಾರವಾಡ_ಫೇಡೆ

ನೀವೆಲ್ಲ ಬಹಳ ಗಂಭೀರ ಆದಿರಿ. ಏಳನೇ ಕಂತಿನ ಕೊಲೆಗಡುಕನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ?

ಅವನ ಹೆಸರು ಆನೊಮ್ಯಾಟೊಪಿಯಾ, ಅಂದರೆ ಸದ್ದನ್ನು ಅನುಕರಿಸುವ ಪದ. ಗಾರ್ಡನ್‌ನನ್ನು ಮುಗಿಸಲು ಬಂದವನು. ಮಾತೇ ಆಡುವುದಿಲ್ಲ, ಯಾವ ಸದ್ದು ಕೇಳಿದರೂ ಅದನ್ನೇ ಬಾಯಲ್ಲಿ ಹೇಳುತ್ತಾನೆ. ನನಗೆ ಆ ಕಂತು ಪೂರ್ತಿ ನಮ್ಮ ಹೈಸ್ಕೂಲಿನ ಕನ್ನಡ ಮಾಸ್ತರರೇ ಕಣ್ಣ ಮುಂದೆ. “ಅನುಕರಣಾವ್ಯಯಕ್ಕೆ ಐದು ಉದಾಹರಣೆ ಬರೀರಿ!” ಪಟಪಟ, ದಬದಬ, ಧಗಧಗ, ಚಟಚಟ, ಗುಳುಗುಳು. ಈ ಕೊಲೆಗಡುಕನಿಗೆ ಕನ್ನಡ ಬಂದಿದ್ದರೆ ಒಂದು ಕಂತು ಸಾಲುತ್ತಿರಲಿಲ್ಲ ರೀ. ಇಂಗ್ಲಿಷಿನಲ್ಲಿ ಬಡವ ಬರೀ ಕ್ಲಿಕ್ಕು, ಬ್ಯಾಂಗು ಅನ್ನುತ್ತಾನೆ.

ಆರನೆಯದು ದೆವ್ವದ ಕಂತು. ನಿಜವಾದ ದೆವ್ವ, ಕುದುರೆ ಗಾಡಿಯ ಕಾಲದ್ದು. ಸತ್ತ ಮೇಲೂ ಬಡವರನ್ನು ಕಂಡರೆ ಅಸಹ್ಯ ಪಡುವ ದೊಡ್ಡ ಮನುಷ್ಯ. ಪತ್ತೇದಾರಿ ಕಥೆಯ ನಡುವೆ ದೆವ್ವ ಯಾಕೆ ಅಂತ ನನ್ನ ತಮ್ಮ ಎದ್ದು ಹೋದ. ನನಗೆ ಮಜಾ ಬಂತು.

ಕುಡ್ಲದ_ಕಾಗೆ

ದೆವ್ವ ಇದ್ದರೆ ಎದ್ದು ಹೋಗುವುದಾ? ನಮ್ಮ ಕಡೆ ದೆವ್ವ ಇಲ್ಲದಿದ್ದರೆ ಎದ್ದು ಹೋಗುತ್ತಾರೆ.

ಜರ್ಸಿ_ಚಳಿ

ನ್ಯೂಜೆರ್ಸಿಯಲ್ಲಿದ್ದೇನೆ, ಸಮಯದ ವ್ಯತ್ಯಾಸ, ತಡವಾಗಿ ಬಂದೆ.

ನನಗೆ ಒಂದು ವಿಷಯ ಒಳಗಿಳಿಯಲಿಲ್ಲ. ಕಮಿಷನರ್ ಗಾರ್ಡನ್ ಕಪ್ಪು ವರ್ಣೀಯ. ಮಗಳು ಬಾರ್ಬರಾ ವಕೀಲೆ, ಕೋರ್ಟಿನಲ್ಲಿ ದುಡ್ಡಿಲ್ಲದ ಆರೋಪಿಗಳ ಪರ ನಿಲ್ಲುತ್ತಾಳೆ. ಡಿಟೆಕ್ಟಿವ್ ಮೊಂಟೋಯಾ ಲ್ಯಾಟಿನೋ ಹೆಂಗಸು. ಪಾತ್ರಗಳೆಲ್ಲ ತುಂಬಾ ಚೆನ್ನಾಗಿವೆ, ಬಾರ್ಬರಾ ಅಂತೂ ಈ ಸರಣಿಯ ಬೆನ್ನೆಲುಬು. ಆದರೆ ಇದು 1940ರ ದಶಕದ ಅಮೆರಿಕ ಅಲ್ವಾ? ಸೇನೆಯಲ್ಲಿ ಕಪ್ಪು ಬಿಳಿ ಬೇರೆ ಬೇರೆ ಇಡುವುದನ್ನು ನಿಲ್ಲಿಸಿ ಅಂತ ಅಧ್ಯಕ್ಷ ಟ್ರೂಮನ್ ಆದೇಶ ಹೊರಡಿಸಿದ್ದೇ 1948ರಲ್ಲಿ. ಬೇಸ್‌ಬಾಲಿನ ದೊಡ್ಡ ಲೀಗಿಗೆ ಜಾಕಿ ರಾಬಿನ್ಸನ್ ಕಾಲಿಟ್ಟದ್ದು 1947. ಅಂಥ ಕಾಲದಲ್ಲಿ ಒಬ್ಬ ಕಪ್ಪು ಕಮಿಷನರ್ ಕುರ್ಚಿಯಲ್ಲಿ ಕೂತರೆ ಫ್ಲಾಸ್, ಬುಲಕ್ ಥರದ ಕೊಳಕು ಪೊಲೀಸರು ಅವನ ಬಣ್ಣದ ಬಗ್ಗೆ ಒಂದು ಮಾತೂ ಆಡದೆ ಇರುತ್ತಾರಾ?

ಬಣ್ಣ ಬದಲಾಯಿಸಿದ್ದಕ್ಕೆ ನನ್ನ ಆಕ್ಷೇಪ ಅಲ್ಲ. ಬದಲಾಯಿಸಿದ ಮೇಲೆ ಅದರಿಂದ ಹುಟ್ಟುವ ಕಥೆಯನ್ನು ಬಿಟ್ಟುಬಿಟ್ಟರಲ್ಲ ಅಂತ.

ಬಣ್ಣದಡಬ್ಬಿ

ಗಾಥಮ್ ನಿಜವಾದ ಊರಲ್ಲ ಅಂತ ನಾನು ಸಮಾಧಾನ ಮಾಡಿಕೊಂಡೆ. ಟೋಪಿ, ಕಾರು 1940ರದ್ದು, ಉಳಿದದ್ದು ಕಟ್ಟಿದ ಸೆಟ್ಟು. ಆದರೆ ನೀವು ಹೇಳಿದ ಮೇಲೆ ಈಗ ಕೊರೆಯುತ್ತಿದೆ. ಲಂಚ ತೋರಿಸುತ್ತೀರಿ, ಕೊಲೆ ತೋರಿಸುತ್ತೀರಿ, ಆ ಕಾಲದ ಅತಿ ದೊಡ್ಡ ಕೊಳೆಯನ್ನು ಮಾತ್ರ ಗುಡಿಸಿ ಇಡುತ್ತೀರಿ.

ಜರ್ಸಿ_ಚಳಿ

ಅದೇ. ಕಥೆಯ ಉಸ್ತುವಾರಿಯಲ್ಲಿ ಎಡ್ ಬ್ರೂಬೇಕರ್ ಇದ್ದಾರೆ, ಗಾಥಮ್ ಪೊಲೀಸರ ಬಗ್ಗೆಯೇ ಒಂದು ಕಾಮಿಕ್ಸ್ ಸರಣಿ ಬರೆದವರು. ಅವರ ಕೈಲಿ ಆಗುತ್ತಿರಲಿಲ್ಲ ಅಂತಲ್ಲ.

ಮಲ್ಲಿಗೆಬುಟ್ಟಿ

ಎಲ್ಲರಿಗೂ ನಮಸ್ಕಾರ. ಹೊಸಬಳು. ಮಾತು ಸ್ವಲ್ಪ ಹಿಂದಕ್ಕೆ ಎಳೆಯುತ್ತೇನೆ, ರಾತ್ರಿಪಾಳಿ ಅವರ ಮೊದಲ ಪ್ರಶ್ನೆಗೆ.

ಇದನ್ನು ನಾನು ಮೈಸೂರಿನಲ್ಲಿ ಅಮ್ಮನ ಜೊತೆ ಕೂತು ನೋಡಿದೆ. ಅಂದರೆ ನಾನು ನೋಡುತ್ತಿದ್ದೆ, ಅಮ್ಮ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ನಾಲ್ಕನೇ ಕಂತಿನ ಹೊತ್ತಿಗೆ ಇದ್ದಕ್ಕಿದ್ದಂತೆ ಕೇಳಿದರು: “ಆ ದಪ್ಪನೆ ಯಜಮಾನರ ಹೆಸರು ಆಲ್ಫ್ರೆಡ್ ಅಂತ ಬೇರೆಯವರು ಅಂದ್ರಲ್ಲ, ಈ ಹುಡುಗ ಯಾಕೆ ಇನ್ನೊಂದು ಹೆಸರಿಂದ ಕರೀತಾನೆ? ಅವರ ಮೇಲೆ ಕೋಪಾನಾ?”

ನಾನು ಆವರೆಗೆ ಗಮನಿಸಿಯೇ ಇರಲಿಲ್ಲ. ಕಥೆ ಅರ್ಥವಾಗದೆ ಬರೀ ಧ್ವನಿ ಕೇಳುವವರಿಗೆ ಅದು ಮೊದಲು ಕೇಳಿಸಿತು.

ಆಮೇಲೆ ಅದರ ಹಿಂದೆಯೇ ಬಿದ್ದೆ. ಕಂತಿನ ಮೇಲೆ ಕಂತು, ಪೆನ್ನಿವರ್ತ್, ಪೆನ್ನಿವರ್ತ್. ಕೊನೆಯ ಕಂತಿನಲ್ಲಿ ಅವನ ಬಾಯಿಂದ ಮೊದಲ ಸಲ ‘ಆಲ್ಫ್ರೆಡ್’ ಬರುತ್ತದೆ. ಯಾರೂ ಅದನ್ನು ಎತ್ತಿ ತೋರಿಸುವುದಿಲ್ಲ. ಅಷ್ಟರಲ್ಲಿ ಸರ್ಕಾರಿ ವಕೀಲ ಹಾರ್ವಿ ಡೆಂಟ್ ಸತ್ತುಹೋಗಿದ್ದಾನೆ. ಹಾಗಾಗಿ ರಾತ್ರಿಪಾಳಿ ಅವರೇ, ಎದೆಯೊಳಗೆ ಏನೂ ಇಲ್ಲ ಅಂದಿರಲ್ಲ, ಆ ಒಂದು ಹೆಸರಿಗೋಸ್ಕರ ಹತ್ತು ಕಂತು ಕಾಯಿಸಿದ್ದಾರೆ ಅಂತ ನನಗೆ ಅನ್ನಿಸುತ್ತದೆ.

ರಾತ್ರಿಪಾಳಿ

ಒಂದು ನಿಮಿಷ. ಕೊನೆಯ ಕಂತು ನಾನು ಬೆಳಗಿನ ಜಾವ ಮೂರಕ್ಕೆ ನೋಡಿದ್ದು. ಕಣ್ಣು ಎಳೆಯುತ್ತಿತ್ತು. ಇವತ್ತು ರಾತ್ರಿ ಮತ್ತೆ ಹಾಕುತ್ತೇನೆ.

ಧಾರವಾಡ_ಫೇಡೆ

ಅಕ್ಕಾ, ನೀವು ಹೇಳಿದ್ದು ಕೇಳಿ ನನಗೆ ನಗು. ನನಗೆ ಪೆನ್ನಿವರ್ತ್ ಅನ್ನುವುದು ವಿಚಿತ್ರ ಅನ್ನಿಸಲೇ ಇಲ್ಲ! ನಮ್ಮ ಕಡೆ ಎಲ್ಲರಿಗೂ ಅಡ್ಡಹೆಸರೇ. ಇಪ್ಪತ್ತು ವರ್ಷದ ಗೆಳೆಯ ನನಗೆ ಪಾಟೀಲ, ನಾನು ಅವನಿಗೆ ಬಡಿಗೇರ. ಅವನ ಹೆಸರು ಲಗ್ನಪತ್ರಿಕೆಯಲ್ಲಿ ನೋಡಿದಾಗ ಇವನ್ಯಾರು ಅಂತ ಯೋಚನೆ ಮಾಡಬೇಕಾಯಿತು. ಹಾಗಾಗಿ ನನ್ನ ಕಿವಿಗೆ ಪೆನ್ನಿವರ್ತ್ ಅಂದರೆ ಸಲಿಗೆ. ಮೈಸೂರು ಕಡೆಯವರಿಗೆ ಇನಿಷಿಯಲ್ ಬಿಟ್ಟರೆ ಬೇರೆ ಇರುವುದಿಲ್ಲ ನೋಡಿ, ಅದಕ್ಕೇ ಅಮ್ಮನವರಿಗೆ ಕೋಪ ಅನ್ನಿಸಿದೆ.

ಮಲ್ಲಿಗೆಬುಟ್ಟಿ

ನಮ್ಮ ಕಡೆ ಅಡ್ಡಹೆಸರು ಅಂದರೆ ಕೀಟಲೆಗೆ ಇಟ್ಟ ಹೆಸರು. ಅಮ್ಮನಿಗೆ ನೀವು ಹೇಳಿದ್ದನ್ನು ಓದಿ ಹೇಳಿದೆ. “ಹಾಗಾದ್ರೆ ಆ ಹುಡುಗ ಹುಬ್ಬಳ್ಳಿಯವನಾ?” ಅಂದರು.

ಹಳೇ_ಪೆಟ್ಟಿಗೆ

ಈ ಪೆನ್ನಿವರ್ತ್ ವಿಷಯದಲ್ಲಿ ಪೆಟ್ಟಿಗೆ ತೆಗೆಯಲೇಬೇಕು.

ಆಲ್ಫ್ರೆಡ್ ಕಾಮಿಕ್ಸಿಗೆ ಬಂದದ್ದು 1943ರಲ್ಲಿ. ಆಗ ದಪ್ಪ, ಕುಳ್ಳ, ನಗೆಪಾಟಲಿನ ಮನುಷ್ಯ. ಅದೇ ವರ್ಷ ಬಂದ ಬ್ಯಾಟ್‌ಮನ್ ಸಿನಿಮಾ ಸರಣಿಯಲ್ಲಿ ಆ ಪಾತ್ರವನ್ನು ತೆಳ್ಳಗಿನ, ಮೀಸೆಯ ನಟ ಮಾಡಿದ. ತಕ್ಷಣ ಕಾಮಿಕ್ಸಿನವರೂ ಆಲ್ಫ್ರೆಡ್‌ನನ್ನು ಸಣ್ಣಗೆ ಮಾಡಿದರು. ಅಂದಿನಿಂದ ಅವನು ಸಣ್ಣಗೇ ಇದ್ದಾನೆ. ಟಿಮ್ ಅವನಿಗೆ ಮತ್ತೆ ಮೊದಲಿನ ಹೊಟ್ಟೆ ಕೊಟ್ಟಿದ್ದಾರೆ. ಅಮ್ಮನವರು ‘ದಪ್ಪನೆ ಯಜಮಾನರು’ ಅಂದದ್ದು ಆ 1943ರ ಆಲ್ಫ್ರೆಡ್‌ಗೆ ಸಲ್ಲುತ್ತದೆ.

ಈಗ ತಮಾಷೆ ಕೇಳಿ. 1940ರ ದಶಕದಲ್ಲಿ ಅವನು ಪೆನ್ನಿವರ್ತ್ ಅಲ್ಲವೇ ಅಲ್ಲ. 1945ರಲ್ಲಿ ಒಂದು ಕಥೆಯಲ್ಲಿ ಅವನ ಮನೆತನದ ಹೆಸರು ಬೀಗಲ್ ಅಂತ ಬಂತು. ಹೌದು, ನಾಯಿಯ ಜಾತಿ. ಪೆನ್ನಿವರ್ತ್ ಆದದ್ದು 1969ರಲ್ಲಿ. ಅಷ್ಟು ವರ್ಷ ಎಲ್ಲರಿಗೂ ಅವನು ಬರೀ ಆಲ್ಫ್ರೆಡ್. ಹಾಗಾಗಿ ಹಳೆಯ ಕಾಲಕ್ಕೆ ನಿಷ್ಠರಾಗಿ ಇರುವುದಾಗಿದ್ದರೆ ಬ್ರೂಸ್ ಅವನನ್ನು ಆಲ್ಫ್ರೆಡ್ ಅನ್ನಬೇಕಿತ್ತು. ಬೇಕು ಅಂತಲೇ ಪೆನ್ನಿವರ್ತ್ ಮಾಡಿದ್ದಾರೆ.

ಇನ್ನೊಂದು ಕಡೆಯಿಂದಲೂ ನೋಡಿ. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಬಟ್ಲರನ್ನು ಯಜಮಾನರು ಮನೆತನದ ಹೆಸರಿನಿಂದಲೇ ಕರೆಯುವುದು ಪದ್ಧತಿ. ಚಿಕ್ಕ ಆಳುಗಳಿಗೆ ಮೊದಲ ಹೆಸರು, ಬಟ್ಲರಿಗೆ ಮನೆತನದ ಹೆಸರು. ಅದು ಅವನ ಸ್ಥಾನಕ್ಕೆ ಕೊಡುವ ಮರ್ಯಾದೆ. ಅಂದರೆ ಬ್ರೂಸ್ ರೂಢಿಯ ಲೆಕ್ಕದಲ್ಲಿ ತಪ್ಪನ್ನೇ ಮಾಡಿಲ್ಲ. ಅಪ್ಪ ಅಮ್ಮ ಸತ್ತ ರಾತ್ರಿಯಿಂದ ಸಾಕಿದವನಿಗೆ ಇನ್ನೂ ಬಟ್ಲರ್‌ಗೆ ಕೊಡುವ ಮರ್ಯಾದೆಯನ್ನೇ ಕೊಡುತ್ತಿದ್ದಾನಲ್ಲ, ಚುಚ್ಚುವುದು ಅದು.

ಬಣ್ಣದಡಬ್ಬಿ

ನೀವು ಒಂದು ಕಾಮೆಂಟಿಗೆ ಎಷ್ಟು ಪೆಟ್ಟಿಗೆ ಇಟ್ಟುಕೊಂಡಿದ್ದೀರಿ ಸರ್.

ಜರ್ಸಿ_ಚಳಿ

ಹಾರ್ವಿ ಡೆಂಟ್ ಬಗ್ಗೆ ಒಂದು ಮಾತು, ಮಲ್ಲಿಗೆಬುಟ್ಟಿ ಅವರು ಎತ್ತಿದ್ದಕ್ಕೆ. ಎಲ್ಲ ಕಥೆಗಳಲ್ಲೂ ಡೆಂಟ್ ಒಳ್ಳೆಯ ಮನುಷ್ಯ, ಮುಖ ಸುಟ್ಟ ಮೇಲೆ ಕೆಟ್ಟವನಾಗುತ್ತಾನೆ. ಇಲ್ಲಿ ಮೊದಲಿಂದಲೇ ಲೆಕ್ಕಾಚಾರದ ಆಸಾಮಿ. ಮೇಯರ್ ಆಗಬೇಕು, ಅದಕ್ಕೆ ರೂಪರ್ಟ್ ಥಾರ್ನ್‌ನಂಥ ಗೂಂಡಾ ಜೊತೆ ಕೈ ಜೋಡಿಸಿದರೂ ಪರವಾಗಿಲ್ಲ. ಬಾರ್ಬರಾ ಎದುರು ಕೋರ್ಟಿನಲ್ಲಿ ಅವಳನ್ನು ಚಿಕ್ಕ ಮಗು ಥರ ನೋಡುತ್ತಾನೆ. ಮುಖ ಹೋದ ಮೇಲೆಯೇ ಅವನು ಮನುಷ್ಯನಾಗುವುದು, ಕೊನೆಗೆ ಅದೇ ಬಾರ್ಬರಾಗೋಸ್ಕರ ಪ್ರಾಣ ಕೊಡುತ್ತಾನೆ. ಧ್ವನಿ ಡೀಡ್ರಿಕ್ ಬೇಡರ್‌ದು. 2008ರಿಂದ ಬಂದ ಇನ್ನೊಂದು ಕಾರ್ಟೂನಿನಲ್ಲಿ ಬ್ಯಾಟ್‌ಮನ್ ಆಗಿದ್ದವರೇ ಅವರು! ಹಳೆಯ ಬ್ಯಾಟ್‌ಮನ್ ಸತ್ತದ್ದಕ್ಕೆ ಹೊಸ ಬ್ಯಾಟ್‌ಮನ್ ಕರಗಿದ ಅಂತ ನಾನು ಒಳಗೊಳಗೇ ಖುಷಿಪಟ್ಟೆ.

ಆದರೆ ಮೊದಲ ಹತ್ತಕ್ಕೇ ಡೆಂಟ್‌ನನ್ನು ಮುಗಿಸಿದ್ದು ದುಂದು ಅನ್ನಿಸಿತು. ಎಚ್‌ಬಿಒ ಮ್ಯಾಕ್ಸ್ 2022ರಲ್ಲಿ ಕೈಬಿಟ್ಟಿತ್ತು, ಮರುವರ್ಷ ಅಮೆಜಾನ್ ಎರಡು ಸೀಸನ್ನಿಗೆ ಒಟ್ಟಿಗೇ ಒಪ್ಪಿಕೊಂಡಿತು. ಇಪ್ಪತ್ತು ಕಂತು ಇದೆ ಅಂತ ಗೊತ್ತಿದ್ದೂ ಇಷ್ಟು ಆತುರ ಯಾಕೆ?

ಕುಡ್ಲದ_ಕಾಗೆ

ಹಾರ್ಲಿ ಕ್ವಿನ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಜೋಕರ್ ಇಲ್ಲದ ಹಾರ್ಲಿ. ಹಗಲಿಗೆ ಮನೋವೈದ್ಯೆ, ರಾತ್ರಿ ಕುಬೇರರ ತಲೆ ತಿರುಗಿಸಿ ಅವರ ದುಡ್ಡನ್ನು ಖಾಲಿ ಮಾಡಿಸುವವಳು. 92ರಲ್ಲಿ ಇದೇ ಟಿಮ್ ಮತ್ತು ಪಾಲ್ ಡೀನಿ ಅವಳನ್ನು ಜೋಕರ್‌ನ ಬಾಲ ಅಂತ ಹುಟ್ಟಿಸಿದ್ದು. ಈಗ ಬಾಲ ಕತ್ತರಿಸಿ ತಲೆ ಕೊಟ್ಟಿದ್ದಾರೆ. ನಗುವವಳು ಹಗಲಿನ ಡಾಕ್ಟರ್, ವೇಷ ಹಾಕಿದರೆ ತಣ್ಣಗೆ. ನನಗೆ ಭಯ ಆಯಿತು, ಸುಳ್ಳಲ್ಲ.

ಎಂಟನೇ ಕಂತಿನ ಅನಾಥ ಮಕ್ಕಳ ಹೆಸರು ಕೇಳಿಸಿಕೊಂಡಿರಾ? ಡಿಕ್, ಜೇಸನ್, ಸ್ಟೆಫನಿ, ಕ್ಯಾರಿ. ನಾಲ್ವರೂ ಕಾಮಿಕ್ಸಿನಲ್ಲಿ ಒಂದಲ್ಲ ಒಂದು ಸಲ ರಾಬಿನ್ ಆದವರು. ಪೆಟ್ಟಿಗೆಯವರು ಇದನ್ನು ಬಿಟ್ಟದ್ದು ಆಶ್ಚರ್ಯ.

ಹಳೇ_ಪೆಟ್ಟಿಗೆ

ನಿಮಗೋಸ್ಕರ ಬಿಟ್ಟಿದ್ದೆ.

ರಾತ್ರಿಪಾಳಿ

ಮತ್ತೆ ನೋಡಿದೆ. ಒಂಬತ್ತು, ಹತ್ತು ಎರಡನ್ನೂ. ಈ ಸಲ ಕಾಫಿ ಕುಡಿದು.

ಆಲ್ಫ್ರೆಡ್ ಅಂದ. ಮೊದಲ ಸಲ ನೋಡುವಾಗ ನನ್ನ ಕಿವಿ ಮೇಲೆ ಹಾದುಹೋಗಿತ್ತು. ಈಗ ಕೇಳಿಸಿತು, ಗಂಟಲು ಸ್ವಲ್ಪ ಕಟ್ಟಿತು, ಒಪ್ಪುತ್ತೇನೆ. ಆದರೂ ನನ್ನ ತಕರಾರು ಪೂರ್ತಿ ವಾಪಸ್ ಪಡೆಯಲ್ಲ. ಒಂದು ಹೆಸರಿಗೋಸ್ಕರ ಒಂಬತ್ತು ಕಂತು ಒಣಗಿಸಿದರೆ, ಆ ಒಣಗಿದ ಒಂಬತ್ತು ಕಂತು ನಾವು ನೋಡಬೇಕಾಯಿತಲ್ಲ. ಬ್ರೂಸ್ ಡಾಕ್ಟರ್ ಕ್ವಿನ್ಜೆಲ್ (ಹಾರ್ಲಿಯ ಹಗಲಿನ ಹೆಸರು) ಎದುರು ಕೂರುವ ಕಂತಿನಲ್ಲಿ ಅವನ ಒಳಗನ್ನು ತೆರೆಯಲು ಒಳ್ಳೆ ಜಾಗ ಇತ್ತು. ಅಲ್ಲಿ ಇನ್ನೊಂದು ಎರಡು ನಿಮಿಷ ಕೊಡಬಹುದಿತ್ತು.

ಮಲ್ಲಿಗೆಬುಟ್ಟಿ ಅವರೇ, ನೀವು ಸಬ್‌ಟೈಟಲ್ ಕೆಲಸ ಮಾಡುತ್ತೀರಾ? ಧ್ವನಿ ಬಗ್ಗೆ ಬರೆದದ್ದು ನೋಡಿ ಕೇಳಿದೆ.

ಮಲ್ಲಿಗೆಬುಟ್ಟಿ

ಹೌದು, ಸಣ್ಣಪುಟ್ಟದ್ದು. ಇದನ್ನು ಯಾರೂ ನನಗೆ ಕೊಟ್ಟಿಲ್ಲ, ಸುಮ್ನೆ ನನ್ನ ಚಟಕ್ಕೆ ಕನ್ನಡದಲ್ಲಿ ಬರೆದು ನೋಡುತ್ತಿದ್ದೆ. ಸಿಕ್ಕಿಹಾಕಿಕೊಂಡಿದ್ದೇನೆ.

ಇಂಗ್ಲಿಷಿನಲ್ಲಿ ನೀನೂ ಒಂದೇ, ನೀವೂ ಒಂದೇ. ಅದಕ್ಕೇ ಅವರು ದೂರ ತೋರಿಸಲು ಹೆಸರು ಬದಲಾಯಿಸಬೇಕಾಯಿತು. ನಮಗೆ ಹೆಸರೇ ಬೇಕಾಗಿಲ್ಲ, ಒಂದು ಕ್ರಿಯಾಪದ ಸಾಕು. ಆದರೆ ಯಾವ ಕಡೆಯಿಂದ ಯಾವ ಕಡೆಗೆ? “ಪೆನ್ನಿವರ್ತ್, ಗಾಡಿ ತೆಗಿ” ಅಂತ ಏಕವಚನದಲ್ಲಿ ಶುರು ಮಾಡಿ ಕೊನೆಗೆ “ಆಲ್ಫ್ರೆಡ್, ನೀವು” ಅಂತ ಮರ್ಯಾದೆಗೆ ತರಬೇಕಾ? ಇಲ್ಲ “ಪೆನ್ನಿವರ್ತ್, ಗಾಡಿ ತೆಗೀರಿ” ಅಂತ ತಣ್ಣಗಿನ ಬಹುವಚನದಲ್ಲಿ ಇಟ್ಟು, ಕೊನೆಗೆ ಅಮ್ಮನಿಗೆ ಅಂದ ಹಾಗೆ “ನೀನು” ಅನ್ನಿಸಬೇಕಾ?

ಧಾರವಾಡ_ಫೇಡೆ

ಎರಡನೆಯದೇ. ದೂರದವರಿಗೆ ನೀವು, ಒಳಗಿನ ಜನಕ್ಕೆ ನೀ. “ನೀ ಇದ್ದೀಯಲ್ಲ” ಅಂದರೆ ಮುಗಿಯಿತು ರೀ, ಮುಂದೆ ಮಾತೇ ಬೇಡ.

ಹಳೇ_ಪೆಟ್ಟಿಗೆ

ನಾನು ಒಪ್ಪಲ್ಲ. ಅಮ್ಮನಿಗೆ ನೀನು ಅಂದೆವು, ಸರಿ. ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ನೀವು. ಆಲ್ಫ್ರೆಡ್ ಅಮ್ಮನ ಜಾಗದಲ್ಲಿದ್ದಾನಾ, ಅಪ್ಪನ ಜಾಗದಲ್ಲಿದ್ದಾನಾ ಅಂತ ಮೊದಲು ತೀರ್ಮಾನ ಆಗಬೇಕು.

ಬಣ್ಣದಡಬ್ಬಿ

ಅಮ್ಮನ ಜಾಗ. ಗಾಯಕ್ಕೆ ಹೊಲಿಗೆ ಹಾಕುವವರು ಅಪ್ಪ ಆಗಿರಲ್ಲ.

ಕುಡ್ಲದ_ಕಾಗೆ

ನಮ್ಮ ಅಪ್ಪ ಕಂಪೌಂಡರ್ ಆಗಿದ್ದರು, ಮನೆಯಲ್ಲಿ ಹೊಲಿಗೆ ಹಾಕಿದ್ದು ಅವರೇ. ಆದರೂ ನಾನು ಅವರಿಗೆ ನೀವು.

ರಾತ್ರಿಪಾಳಿ

ಇದಕ್ಕೆ ಮಲ್ಲಿಗೆಬುಟ್ಟಿಯವರ ಅಮ್ಮನನ್ನೇ ಕೇಳಬೇಕು. ಮೊದಲು ಕಂಡುಹಿಡಿದವರು ಅವರು.

ಮಲ್ಲಿಗೆಬುಟ್ಟಿ

ಕೇಳಿದೆ. ಕೊನೆಯ ಕಂತು ಹಾಕಿ, ಆ ಜಾಗ ತೋರಿಸಿ, ಅವನು ಏನಂದ ಅಂತ ವಿವರಿಸಿ ಕೇಳಿದೆ. ನೀನು ಅನ್ನಿಸಲಾ, ನೀವು ಅನ್ನಿಸಲಾ?

“ಹೆಸರು ಹಿಡಿದು ಕರೆದ, ಸರಿ. ಊಟ ಆಯ್ತಾ ಅಂತ ಕೇಳಿದ್ನಾ?”

ರಾತ್ರಿಪಾಳಿ

ಇಲ್ಲ. ಎರಡು ಸಲ ನೋಡಿದೆ, ಕೇಳಲಿಲ್ಲ.